ಚೆಂಡಿಗಿಂತ ಮೊದಲು ಕಾಗದ

ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಮಗು ಮುಂದೆ ವೃತ್ತಿಪರ ಫುಟ್‌ಬಾಲ್ ಆಟಗಾರನಾದ ಕಥೆಗೆ ಪತ್ರಿಕೆಗಳ ಕ್ರೀಡಾಪುಟದಲ್ಲಿ ಒಂದು ಸಿದ್ಧ ಅಚ್ಚಿದೆ. ಮೊದಲಿಗೆ ಯುದ್ಧ, ಆಮೇಲೆ ಬರಿಗಾಲು, ಚಿಂದಿಯನ್ನೋ ಪ್ಲಾಸ್ಟಿಕ್ ಚೀಲವನ್ನೋ ಸುತ್ತಿ ಮಾಡಿದ ಚೆಂಡು, ಅಲ್ಲಿಂದ ಒಂದೇ ನೆಗೆತಕ್ಕೆ ದೀಪ ಝಗಮಗಿಸುವ ಕ್ರೀಡಾಂಗಣ. ನಮ್ಮಲ್ಲಾದರೆ ಅದಕ್ಕೆ ‘ಕೆಸರಿನಲ್ಲಿ ಅರಳಿದ ಕಮಲ’ ಎಂಬ ತಲೆಬರಹ ಬೀಳುವುದು ಬಹುತೇಕ ಖಚಿತ. ಈ ಉಪಮೆಯಲ್ಲೊಂದು ಮೋಸವಿದೆ. ಕಮಲಕ್ಕೆ ಕೆಸರು ಅಡ್ಡಿಯಲ್ಲ, ಆಹಾರ. ಮಗುವಿಗೆ ಶಿಬಿರ ಹಾಗಲ್ಲ. ಯುದ್ಧಕ್ಕೂ ಕ್ರೀಡಾಂಗಣಕ್ಕೂ ನಡುವೆ ಇರುವ ಹತ್ತು ಹದಿನೈದು ವರ್ಷಗಳನ್ನು ಈ ಕಥೆಗಳು ಹಾರಿಸಿಬಿಡುತ್ತವೆ. ನೋಡಬೇಕಾದದ್ದೆಲ್ಲ ಇರುವುದು ಅಲ್ಲೇ. ಹೆಸರಾದ ನಿರಾಶ್ರಿತ ಆಟಗಾರರ ಬದುಕನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ನನಗೆ ಕಾಣುವುದು ಇಷ್ಟು: ಅವರ ಹಣೆಬರಹ ಬರೆದದ್ದು ಅವರು ಯಾವ ವಯಸ್ಸಿನಲ್ಲಿ ಶಿಬಿರ ಬಿಟ್ಟರು, ಯಾವ ಊರಿಗೆ ಬಂದಿಳಿದರು, ಅಲ್ಲಿ ಕೈಗೆ ಯಾವ ಕಾಗದ ಸಿಕ್ಕಿತು ಎಂಬ ಮೂರು ಸಂಗತಿಗಳು. ಹಸಿವು, ಛಲಗಳ ಪಾಲು ನಾವು ಹೇಳಿಕೊಳ್ಳುವಷ್ಟು ದೊಡ್ಡದಲ್ಲ.

ಎಲ್ಲರೂ ಬಲ್ಲ ಉದಾಹರಣೆಯಿಂದಲೇ ಶುರುಮಾಡೋಣ. ಅಲ್ಫಾನ್ಸೊ ಡೇವಿಸ್ ಹುಟ್ಟಿದ್ದು 2000ದ ನವೆಂಬರಿನಲ್ಲಿ, ಘಾನಾದ ರಾಜಧಾನಿ ಅಕ್ರಾದ ಪಶ್ಚಿಮಕ್ಕಿದ್ದ ಬುಡುಬುರಾಮ್ ಶಿಬಿರದಲ್ಲಿ. ಲೈಬೀರಿಯದ ಅಂತರ್ಯುದ್ಧದಿಂದ ಓಡಿಬಂದವರಿಗಾಗಿ 1990ರಲ್ಲಿ ತೆರೆದ ಶಿಬಿರ ಅದು. ಹುಡುಗನಿಗೆ ಐದು ವರ್ಷವಾದಾಗ ಕುಟುಂಬಕ್ಕೆ ಕೆನಡಾದಲ್ಲಿ ನೆಲೆ ಸಿಕ್ಕಿತು; ಮೊದಲು ವಿಂಡ್ಸರ್, ಆಮೇಲೆ ಎಡ್ಮಂಟನ್. ಎಡ್ಮಂಟನ್ನಿನಲ್ಲಿ ‘ಫ್ರೀ ಫುಟಿ’ ಎಂಬ ಒಂದು ಏರ್ಪಾಡಿತ್ತು. ಶುಲ್ಕ ಕಟ್ಟಲಾಗದ, ಬೂಟು ಕೊಳ್ಳಲಾಗದ, ಮೈದಾನಕ್ಕೆ ಕರೆದೊಯ್ಯಲು ಮನೆಯಲ್ಲಿ ಕಾರಿಲ್ಲದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಈ ಮೂರನ್ನೂ ಪುಕ್ಕಟೆ ಒದಗಿಸುವ ಕೂಟ. ಮೂರರಲ್ಲಿ ಸಾರಿಗೆಯೇ ದೊಡ್ಡದು ಎನ್ನಿಸುತ್ತದೆ. ಪಾಳಿ ಲೆಕ್ಕದಲ್ಲಿ ದುಡಿಯುವ ತಂದೆತಾಯಿ ಮಗುವನ್ನು ವಾರಕ್ಕೆ ಮೂರು ದಿನ ಊರಾಚೆಯ ಮೈದಾನಕ್ಕೆ ಮುಟ್ಟಿಸುವುದು ಹೇಗೆ? ಶಾಲೆಯಿಂದ ಆ ಕೂಟಕ್ಕೆ, ಅಲ್ಲಿಂದ ಸ್ಥಳೀಯ ಕ್ಲಬ್ಬಿಗೆ, 14ನೇ ವಯಸ್ಸಿಗೆ ವ್ಯಾಂಕೂವರ್ ವೈಟ್‌ಕ್ಯಾಪ್ಸ್ ತರಬೇತಿ ಕೇಂದ್ರಕ್ಕೆ, 15ಕ್ಕೆ ಉತ್ತರ ಅಮೆರಿಕದ ಮೇಜರ್ ಲೀಗ್ ಸಾಕರ್‌ಗೆ ಹುಡುಗ ಏರಿದ. 2017ರ ಜೂನ್‌ನಲ್ಲಿ ಕೆನಡಾದ ಪೌರತ್ವ ಬಂತು; ಒಂದೇ ವಾರದ ಒಳಗೆ ಆ ದೇಶದ ಹಿರಿಯರ ತಂಡದಲ್ಲಿ ಮೈದಾನಕ್ಕಿಳಿದ. 2019ರ ಹೊತ್ತಿಗೆ ಬೇಯರ್ನ್ ಮ್ಯೂನಿಕ್, 2020ರಲ್ಲಿ ಚಾಂಪಿಯನ್ಸ್ ಲೀಗ್ ಪ್ರಶಸ್ತಿ, 2022ರಲ್ಲಿ ಕತಾರ್‌ನಲ್ಲಿ ಕ್ರೊಯೇಷಿಯದ ವಿರುದ್ಧ ಗೋಲು. ಪುರುಷರ ವಿಶ್ವಕಪ್‌ನಲ್ಲಿ ಕೆನಡಾ ಹೊಡೆದ ಮೊಟ್ಟಮೊದಲ ಗೋಲು ಅದು. ಆ ಕಾಲಿನ ವೇಗ ದೈವದತ್ತವೇ ಇರಬಹುದು. ಮೆಟ್ಟಿಲುಗಳನ್ನು ಮಾತ್ರ ಯಾರೋ ಕಟ್ಟಿಟ್ಟಿದ್ದರು.

ಅವೆರ್ ಮಾಬಿಲ್ ಕಥೆಯೂ ಇದೇ ಹಾದಿಯದು. ದಕ್ಷಿಣ ಸುಡಾನಿನ ತಂದೆತಾಯಿಗೆ 1995ರಲ್ಲಿ ಕೀನ್ಯಾದ ಕಕುಮಾ ಶಿಬಿರದಲ್ಲಿ ಹುಟ್ಟಿದವನು; ಹತ್ತು ವರ್ಷದವನಿದ್ದಾಗ, 2006ರಲ್ಲಿ, ಕುಟುಂಬ ಆಸ್ಟ್ರೇಲಿಯದ ಅಡಿಲೇಡ್‌ಗೆ ಹೋಯಿತು. 2022ರ ಜೂನ್‌ನಲ್ಲಿ ಪೆರುವಿನ ವಿರುದ್ಧದ ಅರ್ಹತಾ ಪಂದ್ಯ ಪೆನಾಲ್ಟಿಗೆ ಹೋದಾಗ ಆಸ್ಟ್ರೇಲಿಯದ ಕೊನೆಯ ಒದೆತ ಅವನದು. ಅದು ಗೋಲಾಗಿ, ಎದುರಿನವರ ಒದೆತ ತಡೆಯಲ್ಪಟ್ಟು ಆ ದೇಶ ವಿಶ್ವಕಪ್‌ಗೆ ಹೋಯಿತು. ಎಡ್ವಾರ್ಡೊ ಕಮವಿಂಗಾ 2002ರಲ್ಲಿ ಅಂಗೋಲದ ಕಬಿಂಡಾ ಪ್ರಾಂತ್ಯದ ಶಿಬಿರವೊಂದರಲ್ಲಿ ಕಾಂಗೋದ ದಂಪತಿಗೆ ಹುಟ್ಟಿ, ತೀರ ಎಳೆಯ ಮಗುವಾಗಿದ್ದಾಗಲೇ ಫ್ರಾನ್ಸಿಗೆ ಬಂದವನು. ಫೂಜೇರ್ ಎಂಬ ಸಣ್ಣ ಊರಿನ ಕ್ಲಬ್, ಅಲ್ಲಿಂದ ಹತ್ತಿರದ ರೆನ್, 2019ರ ನವೆಂಬರಿನಲ್ಲಿ ಪೌರತ್ವ, ಮರುವರ್ಷವೇ ರಾಷ್ಟ್ರೀಯ ತಂಡ. ಐದು, ಹತ್ತು, ಕೈಗೂಸು: ಈ ವಯಸ್ಸುಗಳನ್ನು ಗಮನಿಸಬೇಕು. ವೃತ್ತಿ ಫುಟ್‌ಬಾಲಿನ ಕ್ಲಬ್ಬುಗಳು ಎಂಟು ಒಂಬತ್ತು ವರ್ಷಕ್ಕೇ ಮಕ್ಕಳನ್ನು ಆರಿಸಲು ಕೂರುತ್ತವೆ; ಹದಿನಾಲ್ಕಕ್ಕೆ ಬಹುಪಾಲು ಬಾಗಿಲು ಮುಚ್ಚಿರುತ್ತದೆ. ಅದೇ ಕಕುಮಾದಲ್ಲಿ ಹದಿನೆಂಟರವರೆಗೆ ಉಳಿದ ಮಾಬಿಲ್‌ನ ಓರಗೆಯವರಲ್ಲಿ ಅವನಿಗಿಂತ ಚೆನ್ನಾಗಿ ಆಡುವವರು ಇರಲಿಲ್ಲ ಎಂದು ನಂಬಲು ಕಾರಣವೇನೂ ಇಲ್ಲ. ಅವರ ಹೆಸರು ನಮಗೆ ಗೊತ್ತಿಲ್ಲ, ಅಷ್ಟೇ.

ಗೊತ್ತಾಗುವುದು ಎಷ್ಟು ಕಷ್ಟ ಎಂಬುದನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಲೆಕ್ಕವೇ ಹೇಳುತ್ತದೆ. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 12.32 ಕೋಟಿ, ಅವರಲ್ಲಿ ನೂರಕ್ಕೆ 40ರಷ್ಟು ಮಕ್ಕಳು. ಗಡಿ ದಾಟಿ ನಿರಾಶ್ರಿತರಾದವರು 4.27 ಕೋಟಿ. ಡೇವಿಸ್ ಮತ್ತು ಮಾಬಿಲ್ ಕುಟುಂಬಗಳಿಗೆ ಸಿಕ್ಕಂಥ ಮೂರನೇ ದೇಶದ ಪುನರ್ವಸತಿ ಆ ವರ್ಷ ದಕ್ಕಿದ್ದು ಸುಮಾರು 1,88,800 ಮಂದಿಗೆ. ಸಾವಿರಕ್ಕೆ ನಾಲ್ಕೈದು ಜನ. ನಿರಾಶ್ರಿತರಲ್ಲಿ ನಾಲ್ಕರಲ್ಲಿ ಮೂರು ಪಾಲು ಕಡಿಮೆ ಅಥವಾ ಮಧ್ಯಮ ಆದಾಯದ ದೇಶಗಳಲ್ಲಿ, ಬಹುತೇಕರು ಗಡಿಯಾಚೆಯ ನೆರೆದೇಶದಲ್ಲೇ ಉಳಿದಿರುತ್ತಾರೆ. ಫುಟ್‌ಬಾಲಿನ ಪ್ರತಿಭಾಶೋಧಕರು ಆಡುವ ಮಕ್ಕಳನ್ನು ಜರಡಿ ಹಿಡಿಯುತ್ತಾರೆ ಎನ್ನುತ್ತೇವಲ್ಲ, ಅದಕ್ಕೂ ಮೊದಲೇ ಇನ್ನೂ ಸಣ್ಣ ಕಣ್ಣಿನ ಜರಡಿಯೊಂದು ಕೆಲಸ ಮಾಡಿ ಮುಗಿದಿರುತ್ತದೆ. ಆ ಜರಡಿ ಹಿಡಿದವರು ಚೆಂಡನ್ನು ನೋಡಿರುವುದಿಲ್ಲ, ಕಡತ ನೋಡಿರುತ್ತಾರೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಕಷ್ಟವೇ ಇಂಥವರನ್ನು ಗಟ್ಟಿ ಮಾಡಿತು, ಸುಖದಲ್ಲಿ ಬೆಳೆದ ಮಕ್ಕಳಿಗೆ ಆ ಹಟ ಎಲ್ಲಿಂದ ಬರಬೇಕು ಎಂಬುದು. ಸಾಮಾನ್ಯವಾಗಿ ಇದಕ್ಕೆ ಕೊಡುವ ಸಾಕ್ಷಿ ಕ್ರೊಯೇಷಿಯದ ಲೂಕಾ ಮೋಡ್ರಿಚ್. 1991ರ ಡಿಸೆಂಬರಿನಲ್ಲಿ, ಆರು ವರ್ಷದವನಿದ್ದಾಗ, ಅವನದೇ ಹೆಸರಿನ ಅಜ್ಜನನ್ನು ಸರ್ಬ್ ಬಂಡುಕೋರರು ಕೊಂದರು. ಮನೆ ಬಿಟ್ಟು ಓಡಿದ ಕುಟುಂಬ ಜಾದರ್ ನಗರದ ಹೋಟೆಲುಗಳಲ್ಲಿ ವರ್ಷಗಟ್ಟಲೆ ನಿರ್ವಸಿತರಾಗಿ ಬದುಕಿತು. ಹೋಟೆಲಿನ ವಾಹನ ನಿಲ್ದಾಣದಲ್ಲಿ ಚೆಂಡು ಒದೆಯುತ್ತಿದ್ದ ಆ ಬಡಕಲು ಹುಡುಗ 2018ರಲ್ಲಿ ಬ್ಯಾಲನ್ ಡಿ’ಓರ್ ಪ್ರಶಸ್ತಿ ಪಡೆದ. ಮನಸ್ಸು ತಟ್ಟುವ ಕಥೆ, ಅನುಮಾನವಿಲ್ಲ. ಆದರೆ ಪೂರ್ತಿ ಓದಿದರೆ ಅದು ನನ್ನ ವಾದವನ್ನೇ ಎತ್ತಿ ಹಿಡಿಯುತ್ತದೆ. ಮೋಡ್ರಿಚ್ ಗಡಿ ದಾಟಲಿಲ್ಲ. ಸ್ವದೇಶದೊಳಗೇ, ಭಾಷೆ ಬಲ್ಲ, ಶಾಲೆಯಿದ್ದ, ಎನ್‌ಕೆ ಜಾದರ್ ಎಂಬ ಹಳೆಯ ಕ್ಲಬ್ ಇದ್ದ ನಗರಕ್ಕೆ ಬಂದ. ಬಾಂಬು ಬೀಳುತ್ತಿದ್ದಾಗಲೂ ಆ ಕ್ಲಬ್ಬಿನ ಕಿರಿಯರ ತರಬೇತಿ ನಿಂತಿರಲಿಲ್ಲ. ಹಜ್ದುಕ್ ಸ್ಪ್ಲಿಟ್ ಎಂಬ ದೊಡ್ಡ ಕ್ಲಬ್ ಮೈಕಟ್ಟು ಸಾಲದೆಂದು ಕೈಬಿಟ್ಟಾಗ ಹುಡುಗನನ್ನು ಮತ್ತೆ ಹಿಡಿದೆತ್ತಿದವರು ಜಾದರ್‌ನ ತರಬೇತುದಾರ ತೋಮಿಸ್ಲಾವ್ ಬಾಶಿಚ್. ಕಷ್ಟ ಇವನೊಬ್ಬನಿಗೇ ಬಂದದ್ದಲ್ಲ. ಆ ಯುದ್ಧದಲ್ಲಿ ನೆಲೆ ತಪ್ಪಿದ ಮಕ್ಕಳು ಲಕ್ಷಗಟ್ಟಲೆ. ಕಷ್ಟವೇ ಕಾರಣವಾಗಿದ್ದರೆ ಫಲವೂ ಅಷ್ಟೇ ಹೇರಳವಾಗಿರಬೇಕಿತ್ತು. ಗೆದ್ದು ಬಂದವನನ್ನು ಮಾತ್ರ ಕೇಳಿ ದಾರಿಯ ಗುಣ ನಿರ್ಣಯಿಸುವುದು, ದಡ ಸೇರಿದವನನ್ನು ಕೇಳಿ ಹೊಳೆಯ ಆಳ ಅಳೆದ ಹಾಗೆ.

ಊರಿನ ಪಾತ್ರ ಎಷ್ಟು ದೊಡ್ಡದೆಂಬುದಕ್ಕೆ ಇನ್ನೂ ಹಳೆಯ, ಇಂದು ಬಹುಮಟ್ಟಿಗೆ ಮರೆತುಹೋದ ಪುರಾವೆಯೊಂದು ಇದೆ. 1937ರ ಮೇ ತಿಂಗಳಲ್ಲಿ, ಸ್ಪೇನಿನ ಅಂತರ್ಯುದ್ಧದ ನಡುವೆ, ‘ಹಬಾನಾ’ ಎಂಬ ಹಡಗು ಬಾಸ್ಕ್ ನಾಡಿನ ಸುಮಾರು 4,000 ಮಕ್ಕಳನ್ನು ಹೊತ್ತು ಬಿಲ್ಬಾವೊ ಕಡೆಯಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಬಂತು. ಖರ್ಚಿಗೆ ಕಾಸು ಬಿಚ್ಚುವುದಿಲ್ಲವೆಂದು ಬ್ರಿಟಿಷ್ ಸರ್ಕಾರ ಹೇಳಿತ್ತು. ಸ್ವಯಂಸೇವಕರು, ಚರ್ಚುಗಳು, ಕಾರ್ಮಿಕ ಸಂಘಗಳು ಮಕ್ಕಳನ್ನು ಮೊದಲು ಗುಡಾರಗಳಲ್ಲಿ, ಆಮೇಲೆ ದೇಶದುದ್ದಕ್ಕೂ ಹರಡಿದ ವಸತಿಗಳಲ್ಲಿ ಸಾಕಿದವು. ಆ ಒಂದೇ ಹಡಗಿನಿಂದ ಹಲವು ವೃತ್ತಿಪರ ಆಟಗಾರರು ಬಂದರು. ಎಮಿಲಿಯೊ ಅಲ್ದೆಕೋವಾ ವುಲ್ವರ್‌ಹ್ಯಾಂಪ್ಟನ್ ಮತ್ತು ಕೋವೆಂಟ್ರಿಗೆ ಆಡಿ, ಮುಂದೆ ಬಾರ್ಸಿಲೋನಾ ಸೇರಿದ. ರೈಮುಂದೊ ಲೆಸಾಮಾ ಸೌತಾಂಪ್ಟನ್‌ನಲ್ಲಿ ಪಳಗಿ ಅಥ್ಲೆಟಿಕ್ ಬಿಲ್ಬಾವೊ ತಂಡದ ಗೋಲ್‌ಕೀಪರ್ ಆದ. ಅದೇ ಸೌತಾಂಪ್ಟನ್ನಿನ ಕಿರಿಯರ ಪಡೆಯಲ್ಲಿ ಕಲಿತ ಸಬಿನೊ ಬಾರಿನಾಗ 1947ರ ಡಿಸೆಂಬರ್ 14ರಂದು ರಿಯಲ್ ಮ್ಯಾಡ್ರಿಡ್‌ನ ಹೊಸ ಕ್ರೀಡಾಂಗಣದಲ್ಲಿ, ಅಂದರೆ ಇಂದಿನ ಬರ್ನಬ್ಯೂನಲ್ಲಿ, ಮೊದಲ ಗೋಲು ಹೊಡೆದ. ಇಷ್ಟು ಜನ ಹೇಗೆ? ಬಿಲ್ಬಾವೊ ಫುಟ್‌ಬಾಲಿನ ಹುಚ್ಚು ಹತ್ತಿದ ನಗರ, ಹುಡುಗರು ಆಟ ಕಲಿತೇ ಹಡಗು ಹತ್ತಿದ್ದರು. ಇಳಿದ ನೆಲವೂ ಅದೇ ಹುಚ್ಚಿನದು. ಇದರ ಜೊತೆಗೆ ಇನ್ನೊಂದು ಕಾರಣ ಸೇರಿತು, ತುಸು ಕಹಿಯಾದದ್ದು. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಆಟಗಾರರು ಸೈನ್ಯಕ್ಕೆ ಹೋಗಿ ಕ್ಲಬ್ಬುಗಳಲ್ಲಿ ಜಾಗ ಖಾಲಿಯಾಗಿತ್ತು. ಒಂದು ಯುದ್ಧ ಓಡಿಸಿದ ಮಕ್ಕಳಿಗೆ ಇನ್ನೊಂದು ಯುದ್ಧ ಸ್ಥಾನ ತೆರವು ಮಾಡಿಕೊಟ್ಟಿತು.

ಇಳಿದ ಊರು ಯಾವಾಗಲೂ ಹೀಗೆ ಕೈಚಾಚುವುದಿಲ್ಲ. ಅಮೆರಿಕದ ಜಾರ್ಜಿಯ ರಾಜ್ಯದ ಕ್ಲಾರ್ಕ್‌ಸ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ಜೋರ್ಡನ್ ಮೂಲದ ಲೂಮಾ ಮುಫ್ಲೆ 2004ರಲ್ಲಿ ನಿರಾಶ್ರಿತ ಹುಡುಗರ ತಂಡ ಕಟ್ಟಿದ ಮೇಲೆ, ಪಟ್ಟಣದ ಉದ್ಯಾನದಲ್ಲಿ ಸಾಕರ್ ಆಡಕೂಡದೆಂದು ಅಲ್ಲಿನ ಮೇಯರ್ ತಡೆದದ್ದು ದೇಶವ್ಯಾಪಿ ಸುದ್ದಿಯಾಯಿತು. ಬೇಸ್‌ಬಾಲ್‌ಗೆ ತಕರಾರಿರಲಿಲ್ಲ. ಮೈದಾನದ ಹುಲ್ಲಿಗೆ ಆಟಗಳ ನಡುವೆ ಭೇದ ಗೊತ್ತಿಲ್ಲ. ಯಾರ ಮಕ್ಕಳು ಕಣ್ಣಿಗೆ ಬೀಳಬೇಕು ಎಂಬುದೇ ಅಲ್ಲಿನ ಜಗಳ.

ಕಾಗದದ ಮಾತಿಗೆ ಬರೋಣ. ಅಫ್ಘಾನಿಸ್ತಾನದ ಹೆರಾತ್‌ನಲ್ಲಿ 1988ರಲ್ಲಿ ಹುಟ್ಟಿದ ನಾದಿಯಾ ನದೀಮ್ ಅವರ ತಂದೆ ಸೇನಾಧಿಕಾರಿ; 2000ದಲ್ಲಿ ತಾಲಿಬಾನ್ ಅವರನ್ನು ಕೊಂದಿತು. ತಾಯಿ ಐದು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಸುಳ್ಳು ಪಾಸ್‌ಪೋರ್ಟಿನಲ್ಲಿ ಪಾಕಿಸ್ತಾನದಿಂದ ಇಟಲಿಗೆ ಬಂದು, ಅಲ್ಲಿ ಲಾರಿ ಹತ್ತಿ, ಲಂಡನ್ ಎಂದುಕೊಂಡು ಇಳಿದದ್ದು ಡೆನ್ಮಾರ್ಕಿನಲ್ಲಿ. ಶಿಬಿರದ ಪಕ್ಕದಲ್ಲೇ ಫುಟ್‌ಬಾಲ್ ಕ್ಲಬ್ಬಿನ ಮೈದಾನ. ಹುಡುಗಿಯರು ಆಡುತ್ತಿದ್ದದ್ದು ಬೇಲಿಯಾಚೆಯಿಂದ ಕಾಣುತ್ತಿತ್ತು. ಹೆಣ್ಣುಮಗುವಿನ ವಿಷಯದಲ್ಲಿ ಲೆಕ್ಕ ಬೇರೆ ಎಂಬುದನ್ನು ಒಪ್ಪಲೇಬೇಕು: ಮೋಡ್ರಿಚ್‌ಗೆ ಯುದ್ಧ ಕಸಿದುಕೊಂಡದ್ದೇ ಹೆಚ್ಚು, ನದೀಮ್‌ಗೆ ದೇಶ ತೊರೆದದ್ದೇ ಮೈದಾನ ತೋರಿಸಿತು. ಆದರೂ ಆಟ ಕಲಿತದ್ದಷ್ಟೇ ಸಾಲಲಿಲ್ಲ. 18 ತುಂಬಿ ಡೆನ್ಮಾರ್ಕಿನ ಪೌರತ್ವ ಪಡೆದ ಮೇಲೂ ಆ ದೇಶಕ್ಕೆ ಆಡುವಂತಿರಲಿಲ್ಲ, ಏಕೆಂದರೆ 18 ಕಳೆದ ಮೇಲೆ ಐದು ವರ್ಷ ಅಲ್ಲಿ ವಾಸವಿರಬೇಕೆಂಬುದು ಆಗಿನ ಫಿಫಾ ನಿಯಮ. ದೇಶ ಬದಲಿಸಿ ಆಟಗಾರರನ್ನು ಕೊಳ್ಳುವ ಚಾಳಿ ತಡೆಯಲು ಬರೆದ ನಿಯಮ, ಕೊಳ್ಳುವವರೇ ಇಲ್ಲದ ಹುಡುಗಿಯನ್ನು ಹಿಡಿದುಹಾಕಿತ್ತು. ಡೆನ್ಮಾರ್ಕಿನ ಫುಟ್‌ಬಾಲ್ ಸಂಸ್ಥೆ ಪಟ್ಟು ಹಿಡಿದ ಮೇಲೆ ವಿನಾಯಿತಿ ಸಿಕ್ಕಿ 2009ರಲ್ಲಿ ರಾಷ್ಟ್ರೀಯ ತಂಡಕ್ಕೆ ಆಡಿದರು. ಹತ್ತು ವರ್ಷಕ್ಕೂ ಮುಂಚೆ ಬಂದ ಮಗುವಿಗೆ ಮೂರು ವರ್ಷ, ಆಮೇಲೆ ಬಂದವರಿಗೆ ಐದು ವರ್ಷ ವಾಸ ಸಾಕೆಂದು ಫಿಫಾ ತಿದ್ದಿಕೊಂಡದ್ದು 2020ರಲ್ಲಿ. ನದೀಮ್ ಈ ನಡುವೆ ಆಡುತ್ತಾಡುತ್ತಲೇ ಓದಿ 2022ರಲ್ಲಿ ವೈದ್ಯೆಯೂ ಆದರು.

ಕ್ಲಬ್ ಮಟ್ಟದ ಅಡ್ಡಿ ಇನ್ನೂ ಸೂಕ್ಷ್ಮವಾದದ್ದು. ಆಟಗಾರರ ವರ್ಗಾವಣೆ ಕುರಿತ ಫಿಫಾ ನಿಯಮಾವಳಿಯ 19ನೇ ವಿಧಿ 18 ತುಂಬದವರನ್ನು ಒಂದು ದೇಶದಿಂದ ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸುತ್ತದೆ. ಫುಟ್‌ಬಾಲೇತರ ಕಾರಣಕ್ಕೆ ತಂದೆತಾಯಿ ವಲಸೆ ಬಂದಿದ್ದರೆ ಮಾತ್ರ ಮುಖ್ಯ ವಿನಾಯಿತಿ. ಆಫ್ರಿಕಾದ ಬಡ ಮಕ್ಕಳಿಗೆ ಯುರೋಪಿನ ಆಸೆ ತೋರಿಸಿ ಕರೆತಂದು ಬೀದಿಯಲ್ಲಿ ಬಿಡುತ್ತಿದ್ದ ದಲ್ಲಾಳಿಗಳನ್ನು ನೆನೆದರೆ ಈ ವಿಧಿ ಬೇಡವೆನ್ನಲು ಯಾರಿಗೂ ಬಾಯಿ ಬಾರದು. ಇದನ್ನು ಮುರಿದದ್ದಕ್ಕೆ 2014ರಲ್ಲಿ ಬಾರ್ಸಿಲೋನಾದಂಥ ಕ್ಲಬ್ಬಿಗೇ ಆಟಗಾರರನ್ನು ಕೊಳ್ಳದಂತೆ ಶಿಕ್ಷೆಯಾಯಿತು. ತೊಡಕೆಂದರೆ, ಒಂಟಿಯಾಗಿ ಸಮುದ್ರ ದಾಟಿದ ಹದಿನೈದರ ಹುಡುಗ ತೋರಿಸಬೇಕಾದ ತಂದೆತಾಯಿಯೂ ಇಲ್ಲ, ಜನನ ಪತ್ರವೂ ಇಲ್ಲ. ಪ್ರಾಣಭಯದಿಂದ ಓಡಿಬಂದ ಮಕ್ಕಳಿಗೆಂದೇ ಫಿಫಾ ಮುಂದೆ ಪ್ರತ್ಯೇಕ ವಿನಾಯಿತಿ ಸೇರಿಸಿತು. ವಿಧಿ ಸಡಿಲಿಸಿದರೆ ದಲ್ಲಾಳಿಗಳು ನಿರಾಶ್ರಿತರ ವೇಷ ತೊಡಿಸುತ್ತಾರೆ ಎನ್ನುವವರಿಗೆ ನನ್ನ ಉತ್ತರ ಸರಳ: ಆಶ್ರಯದ ಅರ್ಜಿ ಪರಿಶೀಲಿಸುವುದು ಆ ದೇಶದ ಸರ್ಕಾರ, ಕ್ಲಬ್ ಅಲ್ಲ, ಅಲ್ಲಿ ಒಪ್ಪಿತವಾದದ್ದನ್ನು ಆಟದ ಸಂಸ್ಥೆ ಮತ್ತೆ ಸಂದೇಹಿಸಬೇಕಿಲ್ಲ. ಸಂದೇಹಕ್ಕೆ ಕೊನೆಯೇ ಇರುವುದಿಲ್ಲ ಎಂಬುದನ್ನು ಬಕರಿ ಜಟ್ಟಾ ಪ್ರಕರಣ ತೋರಿಸಿತು. ಗಾಂಬಿಯಾದಿಂದ ಒಂಟಿಯಾಗಿ ಜರ್ಮನಿಗೆ ಬಂದು 2016ರಲ್ಲಿ ಹ್ಯಾಂಬರ್ಗ್ ಕ್ಲಬ್ ಸೇರಿದವನ ಹೆಸರು, ವಯಸ್ಸು ಎರಡೂ ಸುಳ್ಳೆಂದು 2019ರಲ್ಲಿ ಪತ್ರಿಕೆಯೊಂದು ಬರೆದದ್ದೇ ತಡ, ಸೋತ ತಂಡಗಳು ಒಂದರ ಹಿಂದೊಂದು ಫಲಿತಾಂಶದ ಮೇಲೆ ತಕರಾರು ಹೂಡಿದವು. ನಗರದ ಅಧಿಕಾರಿಗಳು ತಿಂಗಳೊಪ್ಪತ್ತಿನಲ್ಲಿ ವಿಚಾರಣೆ ಕೈಬಿಟ್ಟರೂ ಎದುರಾಳಿ ಅಭಿಮಾನಿಗಳ ಕೂಗಾಟ ನಿಲ್ಲಲಿಲ್ಲ.

ಇಷ್ಟೆಲ್ಲ ಸೌಕರ್ಯ ಮಾಡಿಕೊಟ್ಟರೆ ದೇಶಕ್ಕೆ ಡೇವಿಸ್‌ನಂಥವರು ಸಿಗುತ್ತಾರೆ ಎಂದು ವಾದಿಸುವವರೂ ಉಂಟು. ಸದುದ್ದೇಶದ ಮಾತೇ; ಆದರೆ ನನಗೆ ಇದರಷ್ಟು ಅಪಾಯಕಾರಿಯಾಗಿ ಬೇರೆ ಮಾತು ತೋರುವುದಿಲ್ಲ. ಡೆಯಾನ್ ಲೋವ್ರೆನ್ ಕುಟುಂಬ 1992ರಲ್ಲಿ ಬೋಸ್ನಿಯದಿಂದ ಮ್ಯೂನಿಕ್‌ಗೆ ಓಡಿತು. ಆಗ ಹುಡುಗನಿಗೆ ಮೂರು ವರ್ಷ. ಏಳು ವರ್ಷ ಕಳೆದು, ಅವನಿಗೆ ಜರ್ಮನ್ ತಾಯ್ನುಡಿಯಂತಾಗಿದ್ದ ಹೊತ್ತಿಗೆ, ಉಳಿಯುವ ಪರವಾನಗಿ ಮುಗಿದು ದೇಶ ಬಿಡಬೇಕಾಯಿತು. ಕ್ರೊಯೇಷಿಯದ ಶಾಲೆಯಲ್ಲಿ ಭಾಷೆ ಬಾರದವನೆಂದು ಕುಳಿತ ಆ ಹುಡುಗ 2018ರಲ್ಲಿ ಕ್ರೊಯೇಷಿಯದ ಪರ ವಿಶ್ವಕಪ್ ಫೈನಲ್ ಆಡಿದ. ಜರ್ಮನಿ ಆ ಸಲ ಮೊದಲ ಸುತ್ತಿನಲ್ಲೇ ಮನೆಗೆ ಹೋಗಿತ್ತು. ಇದನ್ನು ಓದಿ ‘ಜರ್ಮನಿ ಒಳ್ಳೆಯ ಡಿಫೆಂಡರ್‌ನನ್ನು ಕಳೆದುಕೊಂಡಿತು’ ಎಂದು ಮುಗುಳ್ನಗುವುದು ಸುಲಭ, ನಾನೂ ನಕ್ಕಿದ್ದೇನೆ. ಆದರೆ ಅದೇ ವರ್ಷಗಳಲ್ಲಿ ಜರ್ಮನಿಯಿಂದ ಲಕ್ಷಗಟ್ಟಲೆ ಬೋಸ್ನಿಯನ್ನರು ಹಿಂತಿರುಗಬೇಕಾಯಿತು. ಅವರಲ್ಲಿ ಬಹುಮಂದಿ ಯಾವ ಆಟದಲ್ಲೂ ಹೆಸರು ಮಾಡಲಿಲ್ಲ. ಗೋಲಿನ ಲೆಕ್ಕದಲ್ಲಿ ಆಶ್ರಯ ಕೊಡುವುದಾದರೆ ಅವರ ಪಾಲಿಗೆ ಬರುವ ವಾದ ಯಾವುದು? ಮಕ್ಕಳಿಗೆ ಬಸ್ಸು, ಬೂಟು, ಮೈದಾನ ಒದಗಿಸಬೇಕಾದ್ದು ಮಕ್ಕಳೆಂಬ ಕಾರಣಕ್ಕೆ. ಡೇವಿಸ್ ಆ ವ್ಯವಸ್ಥೆಯ ಅಪರೂಪದ ಉಪಫಲ.

ತಾಯ್ನಾಡಿಗೆ ನಷ್ಟವಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಜಾರ್ಜ್ ವೇಯಾನಂಥ ಆಟಗಾರನನ್ನು ಕೊಟ್ಟ ಲೈಬೀರಿಯದಲ್ಲಿ ಪ್ರತಿಭೆಗೆ ಬರವಿಲ್ಲ. ಆದರೆ ಕೆನಡಾದ ಡೇವಿಸ್‌ಗೆ ಎದುರಾಗಿ ಇಡಬೇಕಾದದ್ದು ಲೈಬೀರಿಯದ ಡೇವಿಸ್ ಅಲ್ಲ, ಬುಡುಬುರಾಮ್‌ನಲ್ಲೇ ಉಳಿದುಹೋದ ಹುಡುಗ. ಮರಳಿ ಹರಿಯುವುದೂ ಉಂಟು. ಮಾಬಿಲ್ ಹುಟ್ಟುಹಾಕಿದ ‘ಬೇರ್‌ಫುಟ್ ಟು ಬೂಟ್ಸ್’ ಸಂಸ್ಥೆ ಕಕುಮಾದ ಮಕ್ಕಳಿಗೆ ಬೂಟು ಕಳಿಸುತ್ತದೆ.

ಕರ್ನಾಟಕಕ್ಕೂ ಈ ಪ್ರಶ್ನೆಯ ಒಂದು ತುದಿ ತಾಗಿದೆ. 1961ರಲ್ಲಿ ಮೈಸೂರು ರಾಜ್ಯ ಕೊಟ್ಟ ಭೂಮಿಯಲ್ಲಿ ಬೈಲುಕುಪ್ಪೆಯೂ, 1966ರಲ್ಲಿ ಮುಂಡಗೋಡೂ ಟಿಬೆಟನ್ನರ ನೆಲೆಗಳಾದವು. ಅಲ್ಲಿ ಶಾಲೆಯಿದೆ, ಆಟದ ಬಯಲಿದೆ. ದಲೈ ಲಾಮಾ ಅವರ ತಾಯಿಯ ಹೆಸರಿನಲ್ಲಿ 1981ರಿಂದ ನಡೆದುಬಂದಿರುವ ಗ್ಯಾಲ್ಯುಮ್ ಚೆನ್ಮೊ ಕಪ್‌ಗೆ ಭಾರತ, ನೇಪಾಳಗಳ ಟಿಬೆಟನ್ ನೆಲೆಗಳ ತಂಡಗಳು ಬಂದು ಸೆಣಸುತ್ತವೆ. ಗುಡಾರದ ಶಿಬಿರಕ್ಕಿಂತ ಇದು ಎಷ್ಟೋ ಮೇಲು. ಆದರೆ ಏಣಿಯ ಮೇಲಿನ ಮೆಟ್ಟಿಲು ಇಲ್ಲ. ಟಿಬೆಟ್ ತಂಡ 2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ, ಚೀನಾದ ಆಕ್ಷೇಪದ ನಡುವೆಯೇ, ಆಡಿ 4-1ರಲ್ಲಿ ಸೋತಿತು. ಎರಡಕ್ಕೂ ಫಿಫಾ ಸದಸ್ಯತ್ವವಿಲ್ಲ. ಭಾರತಕ್ಕೆ ಆಡಬೇಕಾದರೆ ಭಾರತದ ಪಾಸ್‌ಪೋರ್ಟ್ ಬೇಕು. ನಿರಾಶ್ರಿತರ ನೋಂದಣಿ ಪುಸ್ತಕದ ಮೇಲೆ ಬದುಕುವ ಟಿಬೆಟನ್ನರಿಗೆ ಅದಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರೆಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದವು. ಆ ಅವಧಿಯಲ್ಲಿ ಹುಟ್ಟಿದ ಬಹುತೇಕರ ಆಡುವ ವಯಸ್ಸು ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ನ್ಯಾಯವಾಗಿ ಎರಡು ಮಾತು ಸೇರಿಸಬೇಕು. ಪೌರತ್ವ ಪಡೆಯದೆ ಉಳಿಯುವುದು ಅನೇಕ ಟಿಬೆಟನ್ನರ ರಾಜಕೀಯ ನಿಲುವು ಕೂಡ. ಮರಳುವ ಹಕ್ಕಿನ ಗುರುತಾಗಿ ಆ ಪುಸ್ತಕವನ್ನು ಕಾಪಾಡಿಕೊಂಡವರಿದ್ದಾರೆ. ಎರಡನೆಯದಾಗಿ, ಸ್ವಂತ ಪೌರರಿಗೇ ಫುಟ್‌ಬಾಲಿನಲ್ಲಿ ಅನ್ನ ಕೊಡಲು ತಿಣುಕುವ ದೇಶ ಇದು, ಎಲ್ಲವನ್ನೂ ಕಾಗದದ ತಲೆಗೆ ಕಟ್ಟಲಾಗದು.

2018ರ ಜೂನ್ 13ರಂದು ಮಾಸ್ಕೋದ ಫಿಫಾ ಮಹಾಧಿವೇಶನದಲ್ಲಿ ಹದಿನೇಳರ ಡೇವಿಸ್ ವೇದಿಕೆಯೇರಿ, ತಾನು ಶಿಬಿರದಲ್ಲಿ ಹುಟ್ಟಿದವನೆಂದೂ ಕೆನಡಾ ತನ್ನನ್ನು ಬರಮಾಡಿಕೊಂಡಿತೆಂದೂ ಹೇಳಿದ. 2026ರ ವಿಶ್ವಕಪ್ ನಡೆಸುವ ಹಕ್ಕು ಕೆನಡಾ, ಮೆಕ್ಸಿಕೊ, ಅಮೆರಿಕಗಳಿಗೆ ಜಂಟಿಯಾಗಿ ಸಿಕ್ಕಿತು. ಮೂರು ದೇಶಗಳಲ್ಲಿ ಹೆಚ್ಚು ಪಂದ್ಯಗಳ ಪಾಲು ಅಮೆರಿಕದ್ದು. ಆ ದೇಶ 2025ರ ಜನವರಿಯಲ್ಲಿ ತನ್ನ ನಿರಾಶ್ರಿತರ ಪುನರ್ವಸತಿ ಕಾರ್ಯಕ್ರಮವನ್ನು ಸ್ಥಗಿತಗೊಳಿಸಿತು. 2026ರ ಆರ್ಥಿಕ ವರ್ಷಕ್ಕೆ ಹಾಕಿಕೊಂಡ ಮಿತಿ 7,500 ಮಂದಿ.